ಭತ್ತದ ಹುಲ್ಲಿನ ಕ್ರಿಸ್‌ಮಸ್ ಕಾರ್ಡ್

ಸಂಘದ ಅಕ್ಕತಂಗಿಯರೇ, ಬನ್ನೂರು ಭತ್ತದ ಸೀಮೆ. ಕಾರ್ಡಿನ ನಕ್ಷತ್ರಕ್ಕೆ ಮಿನುಗು ಕಾಗದ ಕೊಳ್ಳೋದೇ ಬೇಡ. ಹುಲ್ಲಿನ ಕಡ್ಡಿ ನೆನೆಸಿ, ಉದ್ದಕ್ಕೆ ಸೀಳಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಚಪ್ಪಟೆಯಾಗಿ ಹೊಳೆಯುತ್ತೆ. ಹೆಚ್ಚು ಹೊತ್ತು ಒತ್ತಿದರೆ ಕಂದು ಬಣ್ಣ. ಅದು ಗೋದಲಿಯ ಚಾವಣಿಗೆ ಚೆನ್ನ. ತೆಳು ಕಾಗದಕ್ಕೆ ಒತ್ತೊತ್ತಾಗಿ ಅಂಟಿಸಿ, ಒಣಗಿದ ಮೇಲೆ ಆಕಾರ ಕತ್ತರಿಸಿ. ಅಂಚಿಗೆ ಟೈಲರ್ ಹತ್ತಿರ ಉಳಿದ ಜರಿ ಚೂರು ಸಾಕು.

300 ಜಿ.ಎಸ್.ಎಂ. ದಪ್ಪದ ಎ4 ಹಾಳೆಯಲ್ಲಿ ಎರಡು ಕಾರ್ಡ್ ಆಗುತ್ತೆ, ಒಂದೊಂದು ಸುಮಾರು 9 ಗ್ರಾಂ. ಲಕೋಟೆ, ಅಲಂಕಾರ ಎಲ್ಲಾ ಸೇರಿ 20 ಗ್ರಾಂ ದಾಟಿದರೆ ಅಂಚೆ ಖರ್ಚು ಏರುತ್ತೆ. ಮಣಿ, ಗುಂಡಿ ಕೈಗೇ ಕೊಡುವ ಕಾರ್ಡಿಗೆ ಇರಲಿ. ಅಂಚೆಯಲ್ಲಿ ಹೋದರೆ ಲಕೋಟೆ ಹರಿಯುತ್ತೆ.

ಬೆಲೆ ಕಟ್ಟುವಾಗ ಹಾಳೆ, ಅಂಟಿನ ಜೊತೆ ನಿಮ್ಮ ಕೂಲೀನೂ ಲೆಕ್ಕದ ಪುಸ್ತಕದಲ್ಲಿ ಬರೀರಿ. ಕಾರ್ಡು ಡಿಸೆಂಬರ್ ಮೊದಲ ವಾರಕ್ಕೇ ಸಿದ್ಧವಿರಲಿ.