ದೀಕ್ಷಾಸ್ನಾನ: ಒಂದೇ ಗ್ರಂಥ, ಎರಡು ವ್ಯಾಖ್ಯಾನ

1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ ಜಿಲ್ಲೆಯಿಂದ ಬಂದು ಮಲ್ಕಾಜ್‌ಗಿರಿಯಲ್ಲಿ ನೆಲಸಿದ ಕನ್ನಡ ಮೆಥೊಡಿಸ್ಟ್ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಶೈಶವದಲ್ಲಿಯೇ ದೀಕ್ಷಾಸ್ನಾನ ಹೊಂದಿದ ಆ ಮನೆಯ ಮಗಳು ತೆಲುಗು ಬ್ಯಾಪ್ಟಿಸ್ಟ್ ಮನೆತನಕ್ಕೆ ಸೊಸೆಯಾಗಿ ಹೋಗುವಾಗ, ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯಬೇಕೆಂಬ ಮಾತು ಏಳಬಹುದು. ಒಪ್ಪಿದರೆ ತಾಯಿತಂದೆಗಳು ಮಾಡಿಸಿದ ಸಂಸ್ಕಾರವು ಸಂಸ್ಕಾರವೇ ಅಲ್ಲವೆಂದಂತೆ; ಒಪ್ಪದಿದ್ದರೆ ಸೇರಿದ ಮನೆಯವರ ಸಭೆಗೆ ಹೊರಗಿನವಳಾಗಿಯೇ ಉಳಿದಂತೆ. ಎರಡು ಮನೆಗಳಲ್ಲಿಯೂ ಓದುವುದು ಒಂದೇ ಶಾಸ್ತ್ರಗ್ರಂಥ. ಹಾಗಾದರೆ ಈ ಭೇದದ ಮೂಲವೆಲ್ಲಿ?

ಮೊದಲು ಶಬ್ದವನ್ನು ನೋಡಬೇಕು. ‘ಬಾಪ್ಟಿಡ್ಜೋ’ ಎಂಬ ಗ್ರೀಕ್ ಧಾತುವಿಗೆ ಅದ್ದು, ಮುಳುಗಿಸು ಎಂಬುದು ಮೂಲಾರ್ಥ; ಆದರೆ ಲೂಕನ ಸುವಾರ್ತೆಯಲ್ಲಿ (11:38) ಅದು ಊಟಕ್ಕೆ ಮುಂಚಿನ ಶುದ್ಧಿಗೂ ಬಳಕೆಯಾಗಿದೆ. ತೆಲುಗು ಬೈಬಲ್ ಆ ಶಬ್ದವನ್ನೇ ‘ಬಾಪ್ತಿಸ್ಮಮು’ ಎಂದು ಉಳಿಸಿಕೊಂಡಿತು. ಕನ್ನಡವು ‘ದೀಕ್ಷಾಸ್ನಾನ’ ಎಂದು ಅರ್ಥವನ್ನು ಹೇಳಿತು. ಅರ್ಥ ಹೇಳುವುದೆಂದರೆ ಪಕ್ಷ ಹಿಡಿಯುವುದೆಂಬ ಶಂಕೆಗೂ ಇತಿಹಾಸದಲ್ಲಿ ನಿದರ್ಶನವಿದೆ. ಬಂಗಾಳದ ಬ್ಯಾಪ್ಟಿಸ್ಟ್ ಅನುವಾದಕರು ಈ ಧಾತುವಿಗೆ ‘ಮುಳುಗಿಸು’ ಎಂಬರ್ಥದ ಮಾತನ್ನೇ ಬಳಸಿದುದರಿಂದ, 1830ರ ದಶಕದಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿಯು ಆ ಅನುವಾದಕ್ಕೆ ನೆರವನ್ನು ನಿರಾಕರಿಸಿತು. 1840ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಪ್ರತ್ಯೇಕ ಅನುವಾದಸಂಘವನ್ನೇ ಸ್ಥಾಪಿಸಬೇಕಾಯಿತು.

ಇನ್ನು ವಾಕ್ಯಗಳು. ಶಿಶುದೀಕ್ಷೆಯನ್ನು ಒಪ್ಪುವವರು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಅಲ್ಲಿ ಲುದ್ಯಳೂ ಸೆರೆಮನೆಯ ಯಜಮಾನನೂ ಮನೆಯವರೆಲ್ಲರೊಡನೆ ದೀಕ್ಷೆ ಹೊಂದುತ್ತಾರೆ. ಮನೆಯೆಂದಮೇಲೆ ಮಕ್ಕಳೂ ಸೇರಿರಬೇಕೆಂಬುದು ಇವರ ಊಹೆ. ಕೊಲೊಸ್ಸೆಯವರಿಗೆ ಬರೆದ ಪತ್ರವು (2:11-12) ದೀಕ್ಷೆಯನ್ನು ಸುನ್ನತಿಯ ಪ್ರಸ್ತಾಪದೊಡನೆ ಜೋಡಿಸುವುದರಿಂದ, ಎಂಟನೆಯ ದಿನದ ಶಿಶುವಿಗೆ ಸಲ್ಲುತ್ತಿದ್ದ ಒಡಂಬಡಿಕೆಯ ಗುರುತು ಈಗಲೂ ಶಿಶುವಿಗೆ ಸಲ್ಲಬೇಕೆಂದು ಕ್ಯಾಲ್ವಿನನ ಪರಂಪರೆಯವರು ವಾದಿಸುತ್ತಾರೆ. ಬ್ಯಾಪ್ಟಿಸ್ಟರು ಇದೇ 16ನೆಯ ಅಧ್ಯಾಯವನ್ನು ಓದಿ, ಸೆರೆಮನೆಯವನ ಮನೆಯವರೆಲ್ಲರಿಗೂ ಮೊದಲು ಉಪದೇಶವಾಯಿತೆಂಬುದನ್ನು ತೋರಿಸುತ್ತಾರೆ. ಶಿಷ್ಯರನ್ನಾಗಿ ಮಾಡುವುದು ಮೊದಲು, ಸ್ನಾನವು ಅನಂತರ ಎಂಬುದು ಮತ್ತಾಯನ 28ನೆಯ ಅಧ್ಯಾಯದಿಂದ ಅವರು ತೆಗೆಯುವ ಕ್ರಮ. ರೋಮಾಪುರದವರಿಗೆ ಬರೆದ ಪತ್ರದಲ್ಲಿ (6:4) ದೀಕ್ಷೆಯನ್ನು ಹೂಳುವಿಕೆಗೆ ಹೋಲಿಸಿರುವುದರಿಂದ ಮುಳುಗುವುದೇ ಯುಕ್ತವೆಂಬುದು ಅವರ ಮತ.

ಶಿಶುವಿಗೆ ದೀಕ್ಷೆ ಕೊಡಿರೆಂದಾಗಲಿ, ಕೊಡಬೇಡಿರೆಂದಾಗಲಿ ಗ್ರಂಥವು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ವಿವಾದದ ತಿರುಳು ಇರುವುದು ಈ ಮೌನದಲ್ಲಿ. ನಿಷೇಧವಿಲ್ಲದ್ದರಿಂದ ಹಳೆಯ ಒಡಂಬಡಿಕೆಯ ಪದ್ಧತಿಯೇ ಮುಂದುವರಿಯಿತೆಂದು ಒಂದು ಪಕ್ಷ; ವಿಧಿಯಿಲ್ಲದ್ದನ್ನು ಆಚರಿಸಲಾಗದೆಂದು ಇನ್ನೊಂದು ಪಕ್ಷ. ರೋಮನ್ ಕ್ಯಾಥೊಲಿಕರು ಶಾಸ್ತ್ರದ ಮೌನವನ್ನು ಸಭೆಯ ಪರಂಪರೆಯಿಂದ ತುಂಬುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಯವರು ಶಿಶುವನ್ನೇ ಮೂರು ಬಾರಿ ನೀರಿನಲ್ಲಿ ಮುಳುಗಿಸುತ್ತಾರೆ. ಆದ್ದರಿಂದ ‘ಯಾರಿಗೆ’ ಎಂಬುದೂ ‘ಹೇಗೆ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದು ಸ್ಪಷ್ಟ. ವಿಧಿ, ನಿಷೇಧಗಳನ್ನು ವಿಂಗಡಿಸಿ, ವಾಕ್ಯಗಳಿಗೆ ಏಕವಾಕ್ಯತೆಯನ್ನು ಸಾಧಿಸುವ ನಮ್ಮ ಮೀಮಾಂಸಕರಿಗೆ ಈ ಬಗೆಯ ತೊಡಕು ಹೊಸದೆನಿಸದು. ಹುಟ್ಟಿದ ಕೂಸಿಗೆ ಲಿಂಗವನ್ನು ಕಟ್ಟಿ, ತಿಳಿವಳಿಕೆ ಬಂದಮೇಲೆ ದೀಕ್ಷೆ ಕೊಡುವ ವೀರಶೈವರ ಸಂಪ್ರದಾಯವನ್ನು ಕಂಡ ಕನ್ನಡಿಗರಿಗೆ, ಶಿಶುದೀಕ್ಷೆಯ ಅನಂತರ ಪ್ರಾಯದಲ್ಲಿ ದೃಢೀಕರಣವನ್ನು ಮಾಡಿಸುವ ಸಭೆಗಳ ಕ್ರಮವೂ ಸುಲಭವಾಗಿ ಅರ್ಥವಾದೀತು.

1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆಯು ಸ್ಥಾಪಿತವಾದಾಗ, ಬ್ಯಾಪ್ಟಿಸ್ಟರೂ ಶಿಶುದೀಕ್ಷೆಯವರೂ ಕೂಡಿ ಎರಡು ಪದ್ಧತಿಗಳನ್ನೂ ಮಾನ್ಯಮಾಡಿದರು. ಪುನರ್ದೀಕ್ಷೆಯೆಂದು ತೋರಬಹುದಾದ ಆಚರಣೆಯನ್ನು ತೊರೆಯಬೇಕೆಂದು 1982ರಲ್ಲಿ ಪೆರುವಿನ ಲೀಮಾ ನಗರದಲ್ಲಿ ನಾನಾ ಸಭೆಗಳ ಪಂಡಿತರು ಅಂಗೀಕರಿಸಿದ ಹೇಳಿಕೆಯು ಸೂಚಿಸಿತು. ಆದರೆ ಬ್ಯಾಪ್ಟಿಸ್ಟರ ದೃಷ್ಟಿಯಲ್ಲಿ ಪ್ರಾಯದ ಸ್ನಾನವು ಎರಡನೆಯದಲ್ಲ, ಅದೇ ಮೊದಲನೆಯದು. ಹೀಗಾಗಿ ಆ ಮಗಳ ಪ್ರಶ್ನೆಗೆ ವಾಕ್ಯದ ಅರ್ಥವೊಂದರಿಂದಲೇ ಉತ್ತರ ದೊರೆಯದು. ಎದುರುಪಕ್ಷದವರು ಗ್ರಂಥವನ್ನು ಅಲಕ್ಷಿಸಿದವರಲ್ಲ, ಅದರ ಮೌನವನ್ನು ಬೇರೆ ಬಗೆಯಲ್ಲಿ ಕೇಳಿದವರು ಎಂಬುದನ್ನು ಎರಡು ಮನೆಯವರೂ ಅರಿತರೆ, ಮಾತುಕತೆಗೆ ಎಡೆಯಾದರೂ ಉಳಿಯುವುದು.