ಬೆಟ್ಟದ ನಡಿಗೆಯ ಚರ್ಮದ ಬೂಟು: ರಚನೆ, ಚರಿತ್ರೆ, ಆಕರ್ಷಣೆ

2024ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಎವರೆಸ್ಟ್ ಶಿಖರದ ಉತ್ತರ ಪಾರ್ಶ್ವದ ಬುಡದಲ್ಲಿರುವ ಮಧ್ಯ ರೊಂಗ್‌ಬುಕ್ ಹಿಮನದಿಯ ಮೇಲೆ ಒಂದು ಚರ್ಮದ ಬೂಟು ದೊರೆಯಿತು. ಅದರೊಳಗೆ ಮನುಷ್ಯನ ಪಾದವೂ ಪಾದಕ್ಕೆ ತೊಟ್ಟಿದ್ದ ಕಾಲುಚೀಲವೂ ಉಳಿದಿದ್ದುವು. ಕಾಲುಚೀಲಕ್ಕೆ ಹೊಲಿದಿದ್ದ ಪಟ್ಟಿಯ ಮೇಲೆ ‘ಎ. ಸಿ. ಅರ್ವಿನ್’ ಎಂಬ ಹೆಸರನ್ನು ಓದಬಹುದಾಗಿತ್ತು. ಆಂಡ್ರ್ಯೂ ಅರ್ವಿನ್ ಎಂಬ ಈ ತರುಣನು ಜಾರ್ಜ್ ಮ್ಯಾಲರಿಯೊಡನೆ ಶಿಖರದತ್ತ ಏರುತ್ತಿದ್ದುದನ್ನು ಸಂಗಾತಿಗಳು ಕಡೆಯ ಬಾರಿ ಕಂಡದ್ದು 1924ನೆಯ ಜೂನ್ 8ರಂದು. ಮ್ಯಾಲರಿಯ ಶರೀರವು 1999ನೆಯ ಮೇ 1ರಂದೇ ಸಿಕ್ಕಿತ್ತು. ಆತನ ಕಾಲಿನಲ್ಲಿಯೂ ಅಟ್ಟೆಗೆ ಮೊಳೆ ಬಡಿದ ಚರ್ಮದ ಬೂಟೇ ಇದ್ದಿತು. ನೂರು ವರ್ಷಗಳ ಹಿಮ, ಬಿರುಗಾಳಿ, ಹಿಮನದಿಯ ಅರೆತ ಇವುಗಳೆಲ್ಲವನ್ನೂ ಸಹಿಸಿ ಬೂಟು ಬೂಟಾಗಿಯೇ ಉಳಿದು ಬಂದು, ಮನುಷ್ಯನು ಯಾರೆಂಬುದಕ್ಕೆ ಸಾಕ್ಷಿಯಾಯಿತು.

ಮೆಟ್ಟಿನ ವಿಚಾರವು ಇತಿಹಾಸ ವಿಭಾಗದ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾಣ್ಯವನ್ನೂ ಮಡಕೆಯ ಚೂರನ್ನೂ ಆಧಾರವೆಂದು ಎಣಿಸುವ ನಾವು ಕಾಲ್ಮೆಟ್ಟನ್ನು ಮಾತ್ರ ಹೊಸಿಲಾಚೆಗೆ ಬಿಡುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಇಲ್ಲಿ ನಾನು ವಿವೇಚಿಸಬೇಕೆಂದಿರುವ ಪ್ರಶ್ನೆಯಾದರೋ ಇನ್ನೂ ಚಿಕ್ಕದು. ಹಗುರವಾದ, ಅಗ್ಗವಾದ, ಕೊಂಡ ದಿನವೇ ಮೆತ್ತಗಿರುವ ನೂತನ ಪಾದರಕ್ಷೆಗಳು ಎಲ್ಲೆಲ್ಲಿಯೂ ದೊರೆಯುತ್ತಿರುವಾಗ, ಆಲ್ಪ್ಸ್ ಪ್ರಾಂತದಲ್ಲಿಯೂ ಬ್ರಿಟನ್ನಿನ ಗುಡ್ಡಗಳಲ್ಲಿಯೂ ನಡೆಯುವ ಅನೇಕರು ಭಾರವಾದ ಚರ್ಮದ ಬೂಟನ್ನೇ ಹೆಚ್ಚು ಹಣ ತೆತ್ತು ಏಕೆ ಕೊಳ್ಳುತ್ತಾರೆ? ಇದು ಕೇವಲ ಹಳೆಯದರ ಮೇಲಣ ಮೋಹವೇ, ಅಥವಾ ವಸ್ತುವಿನಲ್ಲಿಯೇ ಏನಾದರೂ ಗುಣವುಂಟೇ?

ಮೊದಲು ಚರ್ಮದ ಸ್ವಭಾವವನ್ನು ತಿಳಿಯಬೇಕು. ಪ್ರಾಣಿಯ ತೊಗಲು ಅಸಂಖ್ಯಾತ ಸೂಕ್ಷ್ಮ ತಂತುಗಳು ಒಂದರೊಳಗೊಂದು ಹೆಣೆದುಕೊಂಡಿರುವ ಒಂದು ಜಾಲ. ಮಗ್ಗದ ಬಟ್ಟೆಯಲ್ಲಿ ನೂಲು ಎರಡೇ ದಿಕ್ಕಿಗೆ ಹೋಗುತ್ತದೆ. ತೊಗಲಿನಲ್ಲಿ ತಂತುಗಳು ಎಲ್ಲ ದಿಕ್ಕಿಗೂ ಹಾಯುತ್ತವೆ. ಆದಕಾರಣ ಅದು ಒಂದೆಡೆ ಗೀರಿದರೆ ಉದ್ದಕ್ಕೂ ಹರಿದುಹೋಗುವುದಿಲ್ಲ. ಹೊರಮೈಯ ಪದರದಲ್ಲಿ ಈ ಹೆಣಿಗೆ ಬಲು ದಟ್ಟವಾಗಿದ್ದು ಸಹಜವಾಗಿಯೇ ನೀರನ್ನು ತಡೆಯುತ್ತದೆ. ಒಳ್ಳೆಯ ಬೂಟಿಗೆ ಈ ಹೊರಮೈಯನ್ನು ಉಜ್ಜಿ ತೆಗೆಯದೆ ಉಳಿಸಿಕೊಂಡ, ಎರಡೂವರೆ ಮೂರು ಮಿಲಿಮೀಟರು ದಪ್ಪದ ದನದ ಚರ್ಮವನ್ನು ಬಳಸುತ್ತಾರೆ. ಹಸಿ ತೊಗಲು ಕೊಳೆಯುತ್ತದೆ, ಒಣಗಿದರೆ ಕೊರಡಾಗುತ್ತದೆ. ಹದಗೊಳಿಸಿದಾಗ ಮಾತ್ರ ಅದು ಚರ್ಮವೆನಿಸುತ್ತದೆ. ತೊಗಟೆಯ ಒಗರಿನಲ್ಲಿ ಹದಮಾಡುವ ಹಳೆಯ ಕ್ರಮಕ್ಕೆ ತಿಂಗಳುಗಳು ಹಿಡಿಯುತ್ತಿದ್ದುವು. ಯುರೋಪಿನ ಓಕ್ ತೊಗಟೆಯ ಗುಂಡಿಗಳಲ್ಲಿ ದಪ್ಪ ಚರ್ಮವು ವರ್ಷದ ಮೇಲೆಯೂ ನೆನೆಯುವುದುಂಟು.

ನಮ್ಮ ನಾಡಿಗೂ ಈ ಕಥೆಗೂ ಸಂಬಂಧವಿಲ್ಲದೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದಿಂದ ಬ್ರಿಟನ್ನಿಗೆ ಹದಮಾಡಿದ ಚರ್ಮವು ಹೇರಳವಾಗಿ ರಫ್ತಾಗುತ್ತಿತ್ತು. ಅಲ್ಲಿ ಅದನ್ನು ಪಾದರಕ್ಷೆಗಳ ಮೇಲ್ಭಾಗಕ್ಕೆ ಬಳಸುತ್ತಿದ್ದರು. ಇದನ್ನು ಹದಮಾಡುತ್ತಿದ್ದುದು ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ. ಕಡೆಗೆ ಅಳಲೆಕಾಯಿಯ ರಸ. ಆ ಗುಂಡಿಗಳಲ್ಲಿ ಮೊಣಕಾಲುದ್ದ ನಿಂತು ದುಡಿದವರನ್ನು ಊರಾಚೆಗೆ ಇರಿಸಿದ ಸಮಾಜವೂ ನಮ್ಮದೇ ಎಂಬುದನ್ನು ಚರ್ಮದ ಸೊಗಸನ್ನು ಬಣ್ಣಿಸುವವರು ಮರೆಯಬಾರದು.

ಬೆಟ್ಟದ ಮೆಟ್ಟಿನ ಪ್ರಾಚೀನತೆಗೆ ಒಂದೆರಡು ನಿದರ್ಶನಗಳು ಸಾಕು. ಆರ್ಮೇನಿಯದ ಅರೆನಿ ಗುಹೆಯಲ್ಲಿ 2008ರಲ್ಲಿ ಸಿಕ್ಕಿದ, ಒಂದೇ ತುಂಡು ಹಸುವಿನ ಚರ್ಮದ ಮೆಟ್ಟು ಸುಮಾರು 5,500 ವರ್ಷಗಳಷ್ಟು ಹಳೆಯದು. ಆಸ್ಟ್ರಿಯ-ಇಟಲಿಗಳ ಗಡಿಯ ಹಿಮದಲ್ಲಿ 1991ರಲ್ಲಿ ದೊರೆತ, ‘ಓಟ್ಸಿ’ ಎಂದು ಹೆಸರಾದ ಮನುಷ್ಯನ ಮೆಟ್ಟಿಗೆ ಕರಡಿಯ ಚರ್ಮದ ಅಟ್ಟೆ, ನಾರಿನ ಬಲೆ, ಬೆಚ್ಚಗಿರಲೆಂದು ತುಂಬಿದ ಒಣಹುಲ್ಲು ಇದ್ದುವು. ಒಂದೊಂದು ಭಾಗಕ್ಕೆ ಒಂದೊಂದು ವಸ್ತುವನ್ನು ಆರಿಸಿದ ವಿವೇಕ ಅಲ್ಲಿಯೇ ಕಾಣುತ್ತದೆ.

ಆಲ್ಪ್ಸ್ ಪರ್ವತಗಳನ್ನು ಏರುವ ಹವ್ಯಾಸವು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದಾಗ ರೈತರೂ ಕುರುಬರೂ ಮೆಟ್ಟುತ್ತಿದ್ದ ಮೊಳೆಯ ಬೂಟೇ ಪರ್ವತಾರೋಹಿಯ ಬೂಟಾಯಿತು. ಬರಿಯ ಚರ್ಮದ ಅಟ್ಟೆ ಒದ್ದೆ ಹುಲ್ಲಿನ ಮೇಲೆ ಸಾಬೂನಿನಂತೆ ಜಾರುತ್ತದೆ, ಆದ್ದರಿಂದ ಮೊಳೆ. ಅವುಗಳಲ್ಲಿ ಬಗೆಬಗೆಯುಂಟು. ಮೆತು ಕಬ್ಬಿಣದ ಮೊಳೆಗಳನ್ನು ಅಟ್ಟೆಯ ಅಂಚಿಗೆ ಮಡಿಸಿ ಬಡಿದರೆ ಬಂಡೆಯ ಉಬ್ಬುತಗ್ಗುಗಳು ಆ ಕಬ್ಬಿಣಕ್ಕೇ ನಾಟಿಕೊಂಡು ಹಿಡಿತ ಕೊಡುತ್ತಿದ್ದುವು. ಜಿನೀವದ ಆಭರಣಕಾರ ಫೆಲಿಕ್ಸ್ ಜೆನೆಕಾಂಡ್ ಎಂಬಾತನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇದಕ್ಕೆ ವಿರುದ್ಧವಾದ ಉಪಾಯ ಹೂಡಿದನು: ಗರಗಸದ ಹಲ್ಲಿನಂಥ ಗಟ್ಟಿ ಉಕ್ಕಿನ ಮೊಳೆ. ಅದು ತಾನೇ ಬಂಡೆಯ ಸಣ್ಣ ಅಂಚನ್ನು ಕಚ್ಚುತ್ತಿತ್ತು. ಆತನ ಅಡ್ಡಹೆಸರಿನಿಂದ ಅದಕ್ಕೆ ‘ಟ್ರಿಕೂನಿ’ ಎಂಬ ಹೆಸರು ನಿಂತಿತು. ಆದರೆ ಕಬ್ಬಿಣವು ಶೀತವನ್ನು ನೇರವಾಗಿ ಪಾದಕ್ಕೆ ಸಾಗಿಸುತ್ತದೆ. ಎತ್ತರದ ಹಿಮದಲ್ಲಿ ಹಿಡಿತಕ್ಕಾಗಿ ಬಡಿದ ಮೊಳೆಯೇ ಬೆರಳುಗಳನ್ನು ಬಲಿ ತೆಗೆದುಕೊಳ್ಳುವ ಅಪಾಯವಿತ್ತು.

ಮೊಳೆಯ ಯುಗ ಮುಗಿದದ್ದು ಒಂದು ದುರಂತದಿಂದ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಪುಂತಾ ರಾಸಿಕಾ ಎಂಬ ಶಿಖರಕ್ಕೆ ಹೋದ ತಂಡವೊಂದು ಕಡಿದಾದ ಬಂಡೆಯನ್ನು ಹತ್ತಲು ಹಗುರವಾದ ಮೆತ್ತನೆಯ ಅಟ್ಟೆಯ ಮೆಟ್ಟುಗಳನ್ನು ತೊಟ್ಟು, ಭಾರದ ಮೊಳೆ ಬೂಟುಗಳನ್ನು ಕೆಳಗೆ ಬಿಟ್ಟಿತ್ತು. ಮೇಲೆ ಹಿಮದ ಬಿರುಗಾಳಿ ಕವಿಯಿತು. ಆ ಮೆಟ್ಟಿನಲ್ಲಿ ಇಳಿಯುವುದು ಸಾಧ್ಯವಾಗಲಿಲ್ಲ. ಆರು ಮಂದಿ ಸತ್ತರು. ತಂಡದಲ್ಲಿದ್ದ ಮಿಲಾನಿನ ವಿತಾಲೆ ಬ್ರಮಾನಿಯು ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಲ್ಲಬೇಕೆಂದು ಯೋಚಿಸಿ, ಪಿರೆಲ್ಲಿ ಸಂಸ್ಥೆಯ ನೆರವಿನಿಂದ, ಆಳವಾದ ಕಚ್ಚುಗಳುಳ್ಳ ರಬ್ಬರಿನ ಅಟ್ಟೆಯನ್ನು 1937ರಲ್ಲಿ ರೂಪಿಸಿದನು. ಅದರ ಗುರುತಿಗೆ ಯುದ್ಧದ ಟ್ಯಾಂಕಿನ ಹೆಸರು. ಉತ್ಪಾದನೆಗೆ ಆತನ ಹೆಸರಿನ ಮೊದಲ ಅಕ್ಷರಗಳಿಂದ ಕೂಡಿಸಿದ ‘ವಿಬ್ರಮ್’ ಎಂಬ ಹೆಸರು. 1954ನೆಯ ಜುಲೈ 31ರಂದು ಕೆ-2 ಶಿಖರವನ್ನು ಮೊದಲು ಮುಟ್ಟಿದ ಇಟಾಲಿಯನ್ನರು ಮೆಟ್ಟಿದ್ದುದು ಈ ಅಟ್ಟೆಯನ್ನೇ. ಅದಕ್ಕೆ ಹಿಂದಿನ ವರ್ಷ ಎವರೆಸ್ಟನ್ನು ಏರಿದವರ ಬೂಟಿನಲ್ಲಾದರೋ ಬೂರುಗದ ಅರಳೆಯ ಜಾತಿಯ ಕೇಪಕ್ ತುಂಬಿತ್ತು, ಮೊಳೆ ಇರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಸಂಗತಿಯುಂಟು. ಇಂದು ‘ಸಾಂಪ್ರದಾಯಿಕ’ ಎಂದು ಮಾರಾಟವಾಗುವ ಬೂಟಿನ ರಬ್ಬರು ಅಟ್ಟೆ 1937ಕ್ಕಿಂತ ಹಿಂದಿನದಲ್ಲ. ಅದರ ಚರ್ಮವನ್ನು ಬಹುಮಟ್ಟಿಗೆ ಹದಮಾಡಿರುವುದು ಕ್ರೋಮಿಯಂ ಲವಣಗಳಿಂದ. ಈ ಕ್ರಮಕ್ಕೆ ಆಗಸ್ಟಸ್ ಷುಲ್ಟ್ಸ್ ಹಕ್ಕುಪತ್ರ ಪಡೆದದ್ದು 1884ರಲ್ಲಿ. ಅಂಚುಪಟ್ಟಿಯನ್ನು ಹೊಲಿಯುವ ಯಂತ್ರಕ್ಕೆ ಗುಡ್‌ಇಯರ್ ಎಂಬ ಹೆಸರು ಬಂದದ್ದು, ರಬ್ಬರನ್ನು ಗಂಧಕದೊಡನೆ ಪಾಕಗೊಳಿಸಿದ ಚಾರ್ಲ್ಸ್ ಗುಡ್‌ಇಯರನ ಮಗನಿಂದ. ಹೀಗೆ ಮೂರು ತಲೆಮಾರುಗಳ ನೂತನ ಆವಿಷ್ಕಾರಗಳು ಒಂದರ ಮೇಲೊಂದು ಕೂಡಿ ಸುಮಾರು 1950ರ ಹೊತ್ತಿಗೆ ನೆಲೆಗೊಂಡ ರೂಪವನ್ನೇ ನಾವು ಸಂಪ್ರದಾಯವೆಂದು ಕರೆಯುತ್ತಿದ್ದೇವೆ. ಬಹುಶಃ ಎಲ್ಲ ಸಂಪ್ರದಾಯಗಳ ಹಣೆಬರಹವೂ ಇಷ್ಟೇ. ಆದರೆ ಬೂಟಿನಲ್ಲಿ ಅದನ್ನು ಬಿಚ್ಚಿ ನೋಡಬಹುದು.

ಬಿಚ್ಚಿ ನೋಡುವುದೆಂದರೆ ಅಲಂಕಾರದ ಮಾತಲ್ಲ. ಚರ್ಮದ ಬೂಟಿನ ಮುಖ್ಯ ಗುಣವಿರುವುದೇ ಅದನ್ನು ಬಿಚ್ಚಬಹುದೆಂಬುದರಲ್ಲಿ. ಮೇಲ್ಚರ್ಮದ ಕೆಳಅಂಚನ್ನು ಹೊರಕ್ಕೆ ಮಡಿಸಿ, ನಡು ಅಟ್ಟೆಯೊಡನೆ ಮೇಣ ಸವರಿದ ದಾರದಿಂದ ಹೊಲಿಯುವುದು ನಾರ್ವೆಯ ಕ್ರಮ. ಅಂಚಿನ ಸುತ್ತ ಒಂದು ಚರ್ಮದ ಪಟ್ಟಿಯನ್ನು ಕೊಟ್ಟು ಅದಕ್ಕೆ ಅಟ್ಟೆಯನ್ನು ಹೊಲಿಯುವುದು ಗುಡ್‌ಇಯರ್ ಕ್ರಮ. ಎರಡರಲ್ಲಿಯೂ ನೆಲಕ್ಕೆ ತಾಗುವ ಅಟ್ಟೆ ಸವೆದಾಗ ಹೊಲಿಗೆ ಬಿಚ್ಚಿ, ಹೊಸ ಅಟ್ಟೆ ಹಚ್ಚಬಹುದು. ಮೇಲ್ಭಾಗ ಹಾಗೆಯೇ ಉಳಿಯುತ್ತದೆ.

ನೂತನ ಪಾದರಕ್ಷೆಯ ಪಕ್ಷವನ್ನೂ ನ್ಯಾಯವಾಗಿ ಮಂಡಿಸಬೇಕು. 1969ರಲ್ಲಿ ರಾಬರ್ಟ್ ಗೋರ್ ಒಂದು ಬಗೆಯ ಪ್ಲಾಸ್ಟಿಕನ್ನು ರಭಸದಿಂದ ಹಿಗ್ಗಿಸಿ, ನೀರಿನ ಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ತೆಳು ಪೊರೆಯನ್ನು ಕಂಡುಹಿಡಿದನು. 1976ರಿಂದ ಅದು ಉಡುಪಿಗೂ ಆಮೇಲೆ ಬೂಟಿಗೂ ಬಂದಿತು. ಓಟಗಾರರ ಮೆಟ್ಟಿನ ನೊರೆಯಂಥ ಮೆತ್ತನೆಯ ನಡು ಅಟ್ಟೆಯನ್ನು ಸುಮಾರು 1980ರಿಂದ ಬೆಟ್ಟದ ಮೆಟ್ಟಿಗೂ ಅಳವಡಿಸಿದರು. ಫಲವಾಗಿ ಎರಡು ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದ ಜೋಡಿಯ ತೂಕ ಒಂದು ಕಿಲೋಗ್ರಾಮಿಗೂ ಕೆಳಗಿಳಿಯಿತು. ಇದು ಸಣ್ಣ ಲಾಭವಲ್ಲ. ಕಾಲಿನ ತೂಕವನ್ನು ಹೆಜ್ಜೆಹೆಜ್ಜೆಗೂ ಎತ್ತಿ ಮುಂದಕ್ಕೆ ಬೀಸಬೇಕಾದುದರಿಂದ, ಪಾದದ ಮೇಲಿನ ಒಂದು ಕಿಲೋಗ್ರಾಮು ಬೆನ್ನ ಮೇಲಿನ ಐದಾರು ಕಿಲೋಗ್ರಾಮಿನಷ್ಟು ಶ್ರಮ ಕೊಡುತ್ತದೆಂದು 1980ರ ದಶಕದ ಪರೀಕ್ಷೆಗಳು ತೋರಿಸಿವೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಮೆರಿಕದ ಅಜ್ಜಿ, ಎರಡು ಸಾವಿರ ಮೈಲಿಗೂ ಉದ್ದವಾದ ಅಪಲೇಚಿಯನ್ ಕಾಲುದಾರಿಯನ್ನು ಸಾಧಾರಣ ಕ್ಯಾನ್‌ವಾಸ್ ಬೂಟುಗಳಲ್ಲಿ, ಹಲವು ಜೋಡಿಗಳನ್ನು ಸವೆಸಿ, ಒಬ್ಬಂಟಿಯಾಗಿ ನಡೆದು ಮುಗಿಸಿದಳು. ಚರ್ಮದ ಬೂಟಿಲ್ಲದೆ ಬೆಟ್ಟ ನಡೆಯಲಾಗದು ಎನ್ನುವವರಿಗೆ ಆಕೆಯ ಪಾದವೇ ಉತ್ತರ.

ನಾನೂ ಬಹುಕಾಲ ಈ ಎರಡನೆಯ ಪಕ್ಷದವನೇ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಮಲೆನಾಡಿನ ಒಂದು ಕೋಟೆಯನ್ನು ನೋಡಲು ಹೊರಟಾಗ, ನಾಲ್ಕೈದು ವರ್ಷಗಳಿಂದ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ನೂತನ ಮಾದರಿಯ ಬೂಟುಗಳನ್ನು ತೆಗೆದು ತೊಟ್ಟೆ. ಹೆಚ್ಚೆಂದರೆ ಹತ್ತು ಬಾರಿ ಬಳಸಿದ್ದಿರಬಹುದು. ಎರಡನೆಯ ಸುತ್ತಿನ ಬಾಗಿಲನ್ನು ದಾಟುವ ಹೊತ್ತಿಗೆ ಎಡಗಾಲಿನ ಅಟ್ಟೆ ಬಾಯಿಬಿಟ್ಟಿತು. ಇಳಿಯುವಾಗ ಬಲಗಾಲಿನದೂ ಕಳಚಿತು. ಹಗ್ಗದಿಂದ ಕಟ್ಟಿಕೊಂಡು ಕುಂಟುತ್ತ ಇಳಿದ ಅಧ್ಯಾಪಕನನ್ನು ಕಂಡು ವಿದ್ಯಾರ್ಥಿಗಳು ನಗುವನ್ನು ನುಂಗಿಕೊಂಡದ್ದು ಅವರ ವಿನಯ. ಮರುದಿನ ಬಸ್ಸು ನಿಲ್ದಾಣದ ಬಳಿ ಕೂರುವ ಸಮಗಾರ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಅಟ್ಟೆಯನ್ನು ಬೆರಳಿನಿಂದ ಒತ್ತಿದರು; ಅದು ಒಣಗಿದ ಬೆಲ್ಲದಂತೆ ಪುಡಿಯಾಯಿತು. “ಸ್ವಾಮಿ, ಇದಕ್ಕೆ ದಾರ ಎಲ್ಲಿ ಹಿಡೀಬೇಕು? ಹಿಡಿಯೋದಕ್ಕೆ ಏನೂ ಉಳಿದಿಲ್ಲವಲ್ಲ” ಎಂದು ಹಿಂದಕ್ಕೆ ಕೊಟ್ಟರು.

ಕಾರಣವು ರಸಾಯನಶಾಸ್ತ್ರದ್ದು. ನಡು ಅಟ್ಟೆಗೆ ಹೆಚ್ಚಾಗಿ ಬಳಸುವ ಪಾಲಿಯುರೆಥೇನ್ ನೊರೆಯು ಗಾಳಿಯಲ್ಲಿರುವ ತೇವವನ್ನು ಹೀರಿ, ತನ್ನ ದೀರ್ಘ ಅಣುಸರಪಳಿಗಳನ್ನು ತಾನೇ ಕಡಿದುಕೊಳ್ಳುತ್ತದೆ. ಬಳಸಿದರೂ ಬಳಸದಿದ್ದರೂ ಈ ಕ್ಷಯ ನಡೆಯುತ್ತಲೇ ಇರುತ್ತದೆ; ಬಿಸಿಯೂ ತೇವವೂ ಕೂಡಿದ ನಮ್ಮಂಥ ಹವೆಯಲ್ಲಿ ಇನ್ನೂ ಬೇಗ. ಚರ್ಮವು ಬಳಸಿದಷ್ಟೂ ಸವೆಯುವ ವಸ್ತು. ನೊರೆಯು ಕಾಲವೇ ಸವೆಸುವ ವಸ್ತು. ಮೊದಲನೆಯದರ ಆಯುಷ್ಯವನ್ನು ಮೇಣ, ಎಣ್ಣೆ, ಹೊಲಿಗೆಗಳಿಂದ ಮನುಷ್ಯನು ಬೆಳೆಸಬಹುದು. ಎರಡನೆಯದರಲ್ಲಿ ಅವನ ಕೈಗೆ ಕೆಲಸವಿಲ್ಲ. ಚರ್ಮದ ಬೂಟನ್ನು ಮೆಚ್ಚುವವರ ಮಾತಿನಲ್ಲಿ ಪದೇ ಪದೇ ಕೇಳಿಬರುವ ತೃಪ್ತಿಯ ಮೂಲ ಇಲ್ಲಿದೆಯೆಂದು ನನಗೆ ತೋರುತ್ತದೆ. ಆದರೆ ಚರ್ಮದ್ದೆಂದು ಮಾರುವ ಎಷ್ಟೋ ಬೂಟುಗಳಲ್ಲಿ ಇಂದು ಅದೇ ನೊರೆ ಅಡಗಿರುತ್ತದೆ. ಕೊಳ್ಳುವವರು ಮೇಲ್ಭಾಗವನ್ನಲ್ಲ, ಹೊಲಿಗೆಯನ್ನು ನೋಡಬೇಕು.

ಇನ್ನೊಂದು ಆಕರ್ಷಣೆ ಹೊಂದಿಕೆಯದು. ಹೊಸ ಚರ್ಮದ ಬೂಟು ಮೊದಲ ಕೆಲವು ವಾರ ಹಿಮ್ಮಡಿಗೆ ಬೊಕ್ಕೆ ಬರಿಸುತ್ತದೆ. ಅನಂತರ ಪಾದದ ಬಿಸಿಗೂ ಬೆವರಿಗೂ ತಂತುಗಳು ಸಡಿಲಿ, ಗಂಟಿದ್ದಲ್ಲಿ ಉಬ್ಬಿ, ಬಾಗುವಲ್ಲಿ ನೆರಿಗೆಗೊಂಡು, ಒಬ್ಬನ ಬೂಟು ಮತ್ತೊಬ್ಬನಿಗೆ ಸಲ್ಲದಂತಾಗುತ್ತದೆ. ಗಟ್ಟಿ ಅಟ್ಟೆಯು ಸಡಿಲ ಕಲ್ಲುಗಳ ಇಳಿಜಾರಿನಲ್ಲಿ ಪಾದ ತಿರುಚದಂತೆ ಆಧಾರ ಕೊಡುತ್ತದೆ. ಗಟ್ಟಿ ಹಿಮದಲ್ಲಿ ಒದ್ದು ಮೆಟ್ಟಿಲು ಮಾಡಲು ಅದು ಬೇಕೇ ಬೇಕು. ಎತ್ತರದ ಕುತ್ತಿಗೆಯಿದ್ದರೆ ಕಣಕಾಲು ಉಳುಕುವುದೇ ಇಲ್ಲವೆಂಬ ಜನಜನಿತವಾದ ನಂಬಿಕೆ ಮಾತ್ರ ಪರೀಕ್ಷೆಗಳಲ್ಲಿ ಖಚಿತವಾಗಿ ಸಿದ್ಧಪಟ್ಟಿಲ್ಲ.

ಆ ಪ್ರಸಂಗದ ಬಳಿಕ ನಾನು ಹೊಲಿಗೆಯ ಅಟ್ಟೆಯುಳ್ಳ ಒಂದು ಜೋಡಿ ಚರ್ಮದ ಬೂಟು ಕೊಂಡೆ. ಒಂದು ಸಲ ಅಟ್ಟೆ ಬದಲಾಯಿಸಿದ್ದಾಗಿದೆ. ಅದೇ ಹಿರಿಯರು ರಂಪಿಗೆಯಿಂದ ಹಳೆಯ ದಾರವನ್ನು ಕತ್ತರಿಸಿ, ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟರು. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಅವನ್ನೇ ತೊಡುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ತೊಡುವುದಿಲ್ಲ: ಒಮ್ಮೆ ನೆನೆದ ದಪ್ಪ ಚರ್ಮ ಮೂರು ದಿನ ಆರುವುದಿಲ್ಲ, ಒಲೆಯ ಬಳಿ ಇಟ್ಟರೆ ಸೆಟೆದು ಬಿರಿಯುತ್ತದೆ, ಒಂದು ವಾರ ಮೂಲೆಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಉಂಬಳಗಳಂತೂ ಕಸೆಯ ತೂತುಗಳಲ್ಲಿಯೇ ಒಳಹೊಕ್ಕುಬಿಡುತ್ತವೆ. ಆ ನಾಲ್ಕು ತಿಂಗಳು ನಾನು ಬೇಗ ಆರುವ ಅಗ್ಗದ ಬಟ್ಟೆಯ ಬೂಟಿನವನೇ.