ಅಮ್ಮನ ಕೈ, ಸೋಪು ಮತ್ತು ಕಂಪ್ಯೂಟರ್



ನಮ್ಮ ಸಂಘದ ಮಕ್ಕಳ ನಾಟಕಗಳಲ್ಲಿ ಪಾತ್ರ ಮಾಡುತ್ತ ಬೆಳೆದ ಹುಡುಗಿಯೊಬ್ಬಳು ಈ ವರ್ಷ ಇಲ್ಲೇ ಟೊರಾಂಟೊದಲ್ಲಿ ಮಾಸ್ಟರ್ಸ್ ಮಾಡಲು ಒಂದು ಸಂಶೋಧನಾ ತಂಡ ಸೇರಿದ್ದಾಳೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವವರ ಆರೈಕೆಗೆ ತಂತ್ರಜ್ಞಾನ ಹೇಗೆ ನೆರವಾಗಬಹುದು ಎಂಬುದು ತಂಡದ ವಿಷಯ. ಯಾವ ಪ್ರೋಗ್ರಾಮಿಂಗ್ ಕಲಿಯಬೇಕೆಂದು ಕೇಳಲು ಹೋದ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಕೊನೆಗೆ ಪಾಠ ಆಗಿದ್ದು ನನಗೆ!

ನನ್ನ ಅಮ್ಮನಿಗೂ ಇದೇ ಕಾಯಿಲೆ. "ಅರವತ್ತಕ್ಕೆ ಅರಳು ಮರಳು" ಎಂದು ನಾವೆಲ್ಲ ಎರಡು ವರ್ಷ ನಕ್ಕು ಸುಮ್ಮನಿದ್ದೆವು. ಆಮೇಲೆ ಡಾಕ್ಟರು ಆಲ್‌ಝೈಮರ್ಸ್ ಎಂದರು.

ಹುಡುಗಿ ಈಗ ಓದುತ್ತಿರುವುದು ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಮಿಹೈಲಿಡಿಸ್ ಮತ್ತು ಸಂಗಡಿಗರು ಮಾಡಿದ 'ಕೋಚ್' ಎಂಬ ವ್ಯವಸ್ಥೆಯ ಬಗ್ಗೆ. ಅದು ನೋಡಿಕೊಳ್ಳುವ ಕೆಲಸ ಒಂದೇ, ಕೈ ತೊಳೆಯುವುದು. ಸಿಂಕ್ ಮೇಲಿನ ಕ್ಯಾಮೆರಾ ಕೈಗಳನ್ನೂ ಟವಲನ್ನೂ ಗಮನಿಸುತ್ತದೆ. ನಲ್ಲಿ ಬಿಟ್ಟಾಯಿತೇ, ಸೋಪು ಹಚ್ಚಿದ್ದಾಯಿತೇ, ನಲ್ಲಿ ನಿಲ್ಲಿಸಿ ಕೈ ಒರೆಸಿದ್ದಾಯಿತೇ? ಒಂದು ಹೆಜ್ಜೆ ತಪ್ಪಿದರೆ ಧ್ವನಿಯಲ್ಲಿ ಚಿಕ್ಕ ಸೂಚನೆ. ತಿಳಿಯದಿದ್ದರೆ ಹೆಸರು ಹಿಡಿದು ಬಿಡಿಸಿ ಹೇಳುತ್ತದೆ, ವಿಡಿಯೋ ತೋರಿಸುತ್ತದೆ, ಕಡೆಗೆ ಆರೈಕೆ ಮಾಡುವವರನ್ನು ಕರೆಯುತ್ತದೆ. 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಧ್ಯಮ ಹಂತದ ಕಾಯಿಲೆ ಇದ್ದವರು ತಾವಾಗಿಯೇ ಮುಗಿಸಿದ ಹೆಜ್ಜೆಗಳು ಸರಾಸರಿ ಶೇ. 11 ಹೆಚ್ಚಿದವು, ಬೇರೆಯವರು ನಡುವೆ ಬರಬೇಕಾದ ಸಂದರ್ಭಗಳು ಶೇ. 60 ಇಳಿದವು. ಆದರೆ ಪರೀಕ್ಷೆಯಲ್ಲಿ ಇದ್ದವರೇ ಬರೀ ಆರು ಜನ.

ಇದೇನು ಮಹಾ, ನಾಲ್ಕು ಇಫ್-ಎಲ್ಸ್ ಬರೆದರೆ ಮುಗೀತು ಅಂದುಕೊಂಡೆ. ಅಷ್ಟು ಸುಲಭ ಇಲ್ಲವಂತೆ. ಕೈ ಸೋಪಿನ ಹತ್ತಿರ ಇದೆ ಎಂದರೆ ಹಚ್ಚಿಕೊಂಡಿದ್ದಾರೆ ಎಂದಲ್ಲ. ಸುಮ್ಮನೆ ನಿಂತಿದ್ದಾರೆ ಎಂದರೆ ಮರೆತಿದ್ದಾರೆ ಎಂದೂ ಅಲ್ಲ, ನೆನಪು ಮಾಡಿಕೊಳ್ಳುತ್ತಿರಬಹುದು. ಯಾವುದರ ಸಂಭವ ಎಷ್ಟು ಎಂದು ಯಂತ್ರ ಲೆಕ್ಕ ಹಾಕುತ್ತಲೇ ಇರಬೇಕು, ಮಾತಾಡಲೋ ಕಾಯಲೋ ಎಂದು ತೀರ್ಮಾನಿಸಬೇಕು. ಬೇಗ ಹೇಳಿದರೆ ಅವರೇ ಮಾಡಬಲ್ಲ ಕೆಲಸವನ್ನು ಕಸಿದುಕೊಂಡಂತೆ. ತಡವಾದರೆ ಅವರು ಅಲ್ಲಿಂದ ಹೊರಟೇ ಹೋಗುತ್ತಾರೆ.

"ಅಂಕಲ್, ಅಜ್ಜಿಗೋಸ್ಕರ ನೀವು ಎಷ್ಟು ಹೊತ್ತು ಕಾಯ್ತೀರಿ?" ಎಂದು ಕೇಳಿದಳು.

ನಾನು ಕಾಯುವುದೇ ಇಲ್ಲ. ಆಫೀಸಿನ ಗಡಿಬಿಡಿಯಲ್ಲಿ ನಾನೇ ಕೈ ಹಿಡಿದು ತೊಳೆಸಿ, ಒರೆಸಿ, ಊಟಕ್ಕೆ ಕೂರಿಸಿಬಿಡುತ್ತೇನೆ. ಅವತ್ತು ರಾತ್ರಿ ಕೈ ಕಟ್ಟಿಕೊಂಡು ನಿಂತೆ. ನಮ್ಮ ಮನೆಯದು ಮೇಲೆತ್ತುವ ನಲ್ಲಿ. ಅಮ್ಮ ಅದನ್ನು ಊರಿನ ನಲ್ಲಿಯ ಹಾಗೆ ತಿರುಗಿಸಲು ನೋಡಿದಳು. ನೀರು ಮಾತ್ರ ನಾನು ಬಿಟ್ಟೆ. ಸೋಪು ಹಚ್ಚಿ, ತೊಳೆದು, ಸೆರಗಿಗೆ ಒರೆಸಿಕೊಂಡಳು. (ಟವಲ್ ಪಕ್ಕದಲ್ಲೇ ಇತ್ತು. ಇರಲಿ!)

ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಯಂತ್ರ ಇಂಗ್ಲಿಷಿನಲ್ಲಿ ಹೇಳಿದರೆ ಅಮ್ಮ ಯಾರೋ ಬಂದರೆಂದು ಬಾಗಿಲ ಕಡೆ ನೋಡುತ್ತಾಳೆ ಅಷ್ಟೆ. ಕನ್ನಡವಾದರೂ ಯಾವ ಕನ್ನಡ? "ಕೈ ತೊಳೆಯಿರಿ" ಎಂದರೆ ರೈಲ್ವೆ ಸ್ಟೇಷನ್ ಪ್ರಕಟಣೆಯಾಗುತ್ತದೆ. ನಮ್ಮನೆಯಲ್ಲಿ "ಅಮ್ಮಾ, ಕೈ ತೊಳ್ಕೋ" ಅನ್ನಬೇಕು.

ಹುಡುಗಿ ಇನ್ನೂ ಒಂದು ಸಾಲು ಕೋಡ್ ಬರೆದಿಲ್ಲ. ಸದ್ಯ ಸಂಶೋಧನಾ ನೀತಿಯ ತರಬೇತಿ, ಒಪ್ಪಿಗೆ ಪತ್ರಗಳ ಓಡಾಟ. ಬಾತ್‌ರೂಮಿನಲ್ಲಿ ಕ್ಯಾಮೆರಾ ಇಡುವುದೆಂದರೆ ಹುಡುಗಾಟವೇ? ಅಷ್ಟರಲ್ಲಿ ಅವಳಿಗೊಂದು ಸಹಾಯ ಬೇಕಾಗಿದೆ. ನಿಮ್ಮ ಮನೆಯ ಹಿರಿಯರಿಗೆ ಕೈ ತೊಳೆಯಲು, ಊಟಕ್ಕೆ ಬರಲು, ಮಾತ್ರೆ ನುಂಗಲು ನೀವು ಯಾವ ಮಾತಿನಲ್ಲಿ ಹೇಳುತ್ತೀರಿ? ಧಾರವಾಡ, ಮಂಗಳೂರು, ಮೈಸೂರು, ನಿಮ್ಮ ಕಡೆಯ ಮಾತು ಹೇಗಿದೆಯೋ ಹಾಗೇ ಬರೆದು ಕಳಿಸಿ. ನಾನು ಅವಳಿಗೆ ತಲುಪಿಸುತ್ತೇನೆ.